ಬೇಸ್‌ಬಾಲ್ ಆಟಗಾರರ ಕುಲನಾಮಗಳು

೧೯೬೦ನೆಯ ಇಸವಿಯಲ್ಲಿ ಅಮೆರಿಕದ ಚಿಕಾಗೋ ನಗರದ ‘ವೈಟ್ ಸಾಕ್ಸ್’ ಎಂಬ ಬೇಸ್‌ಬಾಲ್ ತಂಡದವರು ಒಂದು ಹೊಸ ಪದ್ಧತಿಯನ್ನು ಆಚರಣೆಗೆ ತಂದರು. ಅದುವರೆಗೆ ಆ ದೇಶದ ಪ್ರಮುಖ ತಂಡಗಳ ಆಟಗಾರರ ಅಂಗಿಯ ಬೆನ್ನಿನ ಮೇಲೆ ಅವರವರ ಸಂಖ್ಯೆ ಮಾತ್ರ ಇರುತ್ತಿತ್ತು. ಇವರು ಸಂಖ್ಯೆಯೊಡನೆ ಆಟಗಾರನ ಕುಲನಾಮವನ್ನೂ ಹೊಲಿಸಿದರು. ಆ ತಂಡದಲ್ಲಿ ಟೆಡ್ ಕ್ಲುಜೆವ್‌ಸ್ಕಿ ಎಂಬ ಪ್ರಸಿದ್ಧ ಹೊಡೆತಗಾರನಿದ್ದನು. ಪೋಲೆಂಡ್ ಮೂಲದ ಆ ಹೆಸರು ಹೊಲಿದವರ ಕೈಗೆ ಸುಲಭವಾಗಿ ಒಗ್ಗಲಿಲ್ಲ. ಅವನ ಬೆನ್ನಿನ ಮೇಲೆ ಒಂದು ಅಕ್ಷರವು ಹಿಂದುಮುಂದಾಗಿ ನಿಂತಿತು. ಇನ್ನೊಂದರ ಸ್ಥಾನದಲ್ಲಿ ಬೇರೆಯೇ ಒಂದು ಅಕ್ಷರವು ಬಂದು ಕುಳಿತಿತು. ಒಂದು ದೇಶದ ಹೆಸರು ಇನ್ನೊಂದು ದೇಶದಲ್ಲಿ ಎಂತಹ ಅವಸ್ಥೆಗಳನ್ನು ಅನುಭವಿಸುವುದೆಂಬುದಕ್ಕೆ ಇದೊಂದು ಸಣ್ಣ ನಿದರ್ಶನ.

ಬೇಸ್‌ಬಾಲ್ ನಮಗೆ ಪರಿಚಿತವಾದ ಕ್ರಿಕೆಟ್ಟಿನ ದೂರದ ಬಂಧುವೆನ್ನಬಹುದು. ಪಕ್ಷವೊಂದಕ್ಕೆ ೯ ಮಂದಿ ಆಟಗಾರರು. ಒಬ್ಬನು ಚೆಂಡನ್ನು ಎಸೆಯುವನು. ಎದುರು ಪಕ್ಷದವನು ದುಂಡಾದ ದಾಂಡಿನಿಂದ ಅದನ್ನು ಹೊಡೆದು ನಾಲ್ಕು ನೆಲೆಗಳನ್ನು ಸುತ್ತಿ ಬರಲು ಯತ್ನಿಸುವನು. ಚೆಂಡು ಅಂಗಳದ ಎಲ್ಲೆಯನ್ನು ದಾಟಿ ಹೊರಬಿದ್ದರೆ ಅದು ‘ಹೋಮ್ ರನ್’. ನಮ್ಮ ಪ್ರಸ್ತುತ ಉದ್ದೇಶಕ್ಕೆ ಆಟದ ವಿಷಯ ಇಷ್ಟು ಸಾಕು. ಏಕೆಂದರೆ ನಾವು ಇಲ್ಲಿ ವಿಚಾರಿಸಲಿರುವುದು ಆಟವನ್ನಲ್ಲ, ಆಡಿದವರ ಹೆಸರುಗಳನ್ನು. ವ್ಯಾಗ್ನರ್, ಡಿಮ್ಯಾಜಿಯೊ, ಮ್ಯೂಸಿಯಲ್, ರಾಬಿನ್‌ಸನ್, ಕ್ಲೆಮೆಂಟೆ, ಸುಜುಕಿ - ಹೀಗೆ ಹಲವು ಭಾಷೆಗಳ ಹೆಸರುಗಳು ಒಂದೇ ಪಟ್ಟಿಯಲ್ಲಿ ನೆರೆದಿರುವುದು ವಿರಳ. ಈ ಹೆಸರುಗಳಿಗೆ ಅರ್ಥವುಂಟೆ? ಉಂಟಾದರೆ ಅವು ತಮ್ಮನ್ನು ಹೊತ್ತವನ ವಿಷಯದಲ್ಲಿ ಏನು ಸಾಕ್ಷ್ಯ ನುಡಿಯುತ್ತವೆ? ಆ ಸಾಕ್ಷ್ಯವನ್ನು ಎಷ್ಟರಮಟ್ಟಿಗೆ ನಂಬಬಹುದು? ಮೂರನೆಯ ಪ್ರಶ್ನೆಯೇ ಎಲ್ಲಕ್ಕಿಂತ ಮುಖ್ಯವೆಂಬುದು ಮುಂದೆ ವಿಶದವಾಗುವುದು.

ಕುಲನಾಮ ಹುಟ್ಟಿದ ಬಗೆ

ಹನ್ನೊಂದನೆಯ ಶತಮಾನದವರೆಗೆ ಇಂಗ್ಲೆಂಡಿನ ಸಾಮಾನ್ಯ ಜನರಿಗೆ ವಂಶಪಾರಂಪರ್ಯವಾದ ಹೆಸರಿರಲಿಲ್ಲ. ಒಂದು ಹಳ್ಳಿಯಲ್ಲಿ ಜಾನ್ ಎಂಬುವರು ನಾಲ್ವರಿದ್ದರೆನ್ನೋಣ. ಅವರನ್ನು ಬೇರೆ ಬೇರೆಯಾಗಿ ಗುರುತಿಸುವುದು ಹೇಗೆ? ಒಬ್ಬನು ಕಮ್ಮಾರ ಜಾನ್, ಇನ್ನೊಬ್ಬನು ರಾಬಿನ್ನನ ಮಗ ಜಾನ್, ಮತ್ತೊಬ್ಬನು ಗುಡ್ಡದ ಜಾನ್, ನಾಲ್ಕನೆಯವನು ಕೆಂಚ ಜಾನ್. ಪಾಶ್ಚಾತ್ಯ ಕುಲನಾಮಗಳಲ್ಲಿ ಬಹುಪಾಲನ್ನು ಈ ನಾಲ್ಕು ವರ್ಗಗಳಲ್ಲಿಯೇ ಅಡಗಿಸಬಹುದು: ವೃತ್ತಿಯಿಂದ ಬಂದವು, ತಂದೆಯ ಹೆಸರಿನಿಂದ ಬಂದವು, ಸ್ಥಳದಿಂದ ಬಂದವು, ಮೈಬಣ್ಣ ಅಥವಾ ನಡೆನುಡಿಯನ್ನು ನೋಡಿ ಜನರು ಇಟ್ಟವು.

ಮೊದಲು ಈ ಹೆಸರುಗಳು ಆ ಮನುಷ್ಯನೊಡನೆಯೇ ಅಳಿಯುತ್ತಿದ್ದುವು. ಹದಿಮೂರು, ಹದಿನಾಲ್ಕನೆಯ ಶತಮಾನಗಳಲ್ಲಿ ಅವು ಕ್ರಮೇಣ ತಂದೆಯಿಂದ ಮಗನಿಗೆ ಇಳಿಯತೊಡಗಿದುವು. ಕಮ್ಮಾರನ ಮಗನು ದರ್ಜಿಯಾದರೂ ಅವನ ಹೆಸರು ‘ಸ್ಮಿತ್’ ಎಂದರೆ ಕಮ್ಮಾರ ಎಂದೇ ಉಳಿಯಿತು. ಹೆಸರು ಸ್ಥಿರವಾಯಿತು, ಆದರೆ ಹೆಸರಿಗೂ ಮನುಷ್ಯನಿಗೂ ಇದ್ದ ನೇರವಾದ ಸಂಬಂಧವು ಅಲ್ಲಿಗೇ ಕಡಿದುಹೋಯಿತು. ವಾಚಕರು ಈ ಅಂಶವನ್ನು ನೆನಪಿನಲ್ಲಿಟ್ಟುಕೊಳ್ಳಬೇಕು.

ವೃತ್ತಿಯ ಹೆಸರುಗಳು

ಮೈಕ್ ಶ್ಮಿಟ್ ಫಿಲಡೆಲ್ಫಿಯ ನಗರದ ತಂಡದಲ್ಲಿ ಆಡಿ ೫೪೮ ಹೋಮ್ ರನ್‌ಗಳನ್ನು ಹೊಡೆದವನು. ಅವನ ಸಮಕಾಲೀನನಾದ ಆಜೀ ಸ್ಮಿತ್ ಚೆಂಡು ಹಿಡಿಯುವ ಚಾತುರ್ಯಕ್ಕಾಗಿ ಹೆಸರಾದವನು. ಒಬ್ಬನ ಹೆಸರು ಜರ್ಮನ್, ಇನ್ನೊಬ್ಬನದು ಇಂಗ್ಲಿಷ್. ಎರಡರ ಅರ್ಥವೂ ಕಮ್ಮಾರನೆಂದೇ. ಕನ್ನಡದ ‘ಹಾಲು’ ತಮಿಳಿನಲ್ಲಿ ‘ಪಾಲ್’ ಆಗಿರುವಂತೆ, ಒಂದೇ ಮೂಲದ ಮಾತು ಎರಡು ಸೋದರ ಭಾಷೆಗಳಲ್ಲಿ ಎರಡು ರೂಪಗಳನ್ನು ತಳೆದಿದೆ. ಸ್ಪ್ಯಾನಿಷ್ ಭಾಷೆಯಲ್ಲಿ ಕಬ್ಬಿಣದ ಕೆಲಸದಿಂದಲೇ ಬಂದ ‘ಎರ್ರೇರ’ ಎಂಬ ಕುಲನಾಮವೂ ಬೇಸ್‌ಬಾಲ್ ಪಟ್ಟಿಗಳಲ್ಲಿ ದೊರೆಯುತ್ತದೆ. ಕುಲುಮೆಯಿಲ್ಲದ ಊರು ಯೂರೋಪಿನಲ್ಲಿ ವಿರಳವಾಗಿದ್ದುದರಿಂದ ಕಮ್ಮಾರನ ಹೆಸರು ಭಾಷೆ ಭಾಷೆಯಲ್ಲಿಯೂ ಉಳಿದುಬಂದಿತು.

ಹೋನಸ್ ವ್ಯಾಗ್ನರ್ (೧೮೭೪-೧೯೫೫) ಪಿಟ್ಸ್‌ಬರ್ಗ್ ತಂಡದ ಮಹಾನ್ ಆಟಗಾರ. ಜರ್ಮನ್ ಭಾಷೆಯಲ್ಲಿ ಈ ಹೆಸರಿಗೆ ಬಂಡಿ ಮಾಡುವ ಬಡಗಿಯೆಂದು ಅರ್ಥ. ಆದರೆ ಇವನ ತಂದೆ ಬಂಡಿಯನ್ನು ಮಾಡಿದವನಲ್ಲ. ಪೆನ್ಸಿಲ್ವೇನಿಯದ ಕಲ್ಲಿದ್ದಲ ಗಣಿಯಲ್ಲಿ ದುಡಿದವನು. ಮಗನೂ ಬಾಲ್ಯದಲ್ಲಿ ಗಣಿಯ ಕೆಲಸಕ್ಕೆ ಹೋದನು. ಬಂಡಿಯ ಬಡಗಿಯು ಎಷ್ಟೋ ತಲೆಮಾರುಗಳ ಹಿಂದೆ ಜರ್ಮನಿಯಲ್ಲಿಯೇ ಉಳಿದುಬಿಟ್ಟಿದ್ದನು.

ತಂದೆಯ ಹೆಸರಿನಿಂದ ಬಂದವು

ಇಂಗ್ಲಿಷಿನ ‘ಸನ್’ ಎಂಬ ಪ್ರತ್ಯಯಕ್ಕೆ ಮಗನೆಂದು ಅರ್ಥ: ಜಾನ್ಸನ್, ಜಾಕ್ಸನ್, ರಾಬಿನ್‌ಸನ್. ಸ್ಪ್ಯಾನಿಷಿನಲ್ಲಿ ಇದೇ ಕೆಲಸವನ್ನು ಕೊನೆಯ ‘ಏಸ್’ ಮಾಡುತ್ತದೆ. ಮಾರ್ಟಿನ್ನನ ಮಗ ಮಾರ್ಟಿನೆಸ್, ರೊದ್ರಿಗೋವಿನ ಮಗ ರೊದ್ರಿಗೆಸ್, ಗೊನ್ಸಾಲೋವಿನ ಮಗ ಗೊನ್ಸಾಲೆಸ್. ಡೊಮಿನಿಕನ್ ಗಣರಾಜ್ಯ, ವೆನಿಜುವೇಲ ಮೊದಲಾದ ದೇಶಗಳಿಂದ ಬಂದ ಆಟಗಾರರ ಪಟ್ಟಿಗಳಲ್ಲಿ ಈ ಪ್ರತ್ಯಯವು ಪದೇ ಪದೇ ಎದುರಾಗುವುದು. ಐರಿಷ್ ಜನರಲ್ಲಿ ಪ್ರತ್ಯಯದ ಬದಲು ಪೂರ್ವಪದವಿದೆ: ‘ಓ’ ಎಂದರೆ ಮೊಮ್ಮಗ, ವಂಶಜ, ‘ಮ್ಯಾಕ್’ ಎಂದರೆ ಮಗ.

ಇಲ್ಲಿ ಒಂದು ವಿನೋದವಿದೆ. ಫಿಲಡೆಲ್ಫಿಯದ ‘ಅಥ್ಲೆಟಿಕ್ಸ್’ ತಂಡವನ್ನು ೧೯೦೧ರಿಂದ ೧೯೫೦ರವರೆಗೆ ೫೦ ಆಟದ ವರ್ಷಗಳ ಕಾಲ ನಡೆಸಿದ ಕೋನೀ ಮ್ಯಾಕ್‌ನ ಪೂರ್ಣ ಹೆಸರು ಕಾರ್ನೀಲಿಯಸ್ ಮೆಗಿಲಿಕಡಿ. ಮೋಖುದನೆಂಬ ಸಂತನ ಭಕ್ತನ ಮಗನೆಂದು ಅದರ ಅರ್ಥ. ಆಟದ ಅಂಕಪಟ್ಟಿಯಲ್ಲಿ ಹಿಡಿಸುವುದಿಲ್ಲವೆಂದು ಅದನ್ನು ಮೊಟಕು ಮಾಡಿದರೆಂದು ಜನಜನಿತವಾದ ಕಥೆ. ವಾಸ್ತವವಾಗಿ ಅವನ ಮನೆಯವರು ಮೊದಲೇ ಬಳಕೆಯಲ್ಲಿ ಮ್ಯಾಕ್ ಎನಿಸಿಕೊಂಡಿದ್ದರು. ಅಂತೂ ಸಂತನೂ ಭಕ್ತನೂ ಬಿಟ್ಟುಹೋಗಿ ‘ಮಗ’ ಎಂಬ ಮಾತೊಂದೇ ಉಳಿಯಿತು. ಯಾರ ಮಗನೆಂಬುದನ್ನು ಹೆಸರು ಹೇಳದಾಯಿತು.

ಸ್ಥಳದ ಹೆಸರುಗಳು

ಕಾರ್ಲ್ ಯಸ್ಟ್ರೆಮ್‌ಸ್ಕಿ ೧೯೬೧ರಿಂದ ೧೯೮೩ರವರೆಗೆ ಬಾಸ್ಟನ್ ತಂಡವೊಂದಕ್ಕೇ ಆಡಿದನು. ಪೋಲಿಷ್ ಭಾಷೆಯಲ್ಲಿ ಗಿಡುಗನ ಜಾತಿಯ ಒಂದು ಬೇಟೆಹಕ್ಕಿಗೆ ‘ಯಸ್ತ್‌ಶೊಂಬ್’ ಎಂದು ಹೆಸರು. ಆ ಹಕ್ಕಿಯ ಹೆಸರನ್ನು ಪಡೆದ ಊರುಗಳುಂಟು. ಅಂತಹ ಊರಿನವನೆಂಬುದನ್ನು ಕೊನೆಯ ‘ಸ್ಕಿ’ ಸೂಚಿಸುತ್ತದೆ. ಪೋಲಿಷ್ ಬರವಣಿಗೆಯಲ್ಲಿ ‘ಯ’ಕಾರದ ಧ್ವನಿಗೆ ‘ಜೆ’ ಅಕ್ಷರವನ್ನು ಬಳಸುವರು. ಅಮೆರಿಕದಲ್ಲಿ ಈ ಹೆಸರನ್ನು ‘ವೈ’ ಅಕ್ಷರದಿಂದ ಬರೆದುದರಿಂದ ಮೊದಲ ಧ್ವನಿ ಉಳಿಯಿತು, ಅಕ್ಷರ ಹೋಯಿತು. ಇದಕ್ಕೆ ವಿರುದ್ಧವಾದ ಉದಾಹರಣೆ ಸೇಂಟ್ ಲೂಯಿಸ್ ತಂಡದ ಸ್ಟ್ಯಾನ್ ಮ್ಯೂಸಿಯಲ್. ಅವನ ಹೆಸರು ಪೋಲಿಷಿನಲ್ಲಿ ಸುಮಾರಾಗಿ ‘ಮುಶಾವ್’ ಎಂದು ಉಚ್ಚರಿಸಲ್ಪಡುವುದು. ಅಮೆರಿಕದಲ್ಲಿ ಅಕ್ಷರಗಳು ಬಹುಮಟ್ಟಿಗೆ ಉಳಿದುವು, ಧ್ವನಿ ಹೋಯಿತು. ವಲಸೆ ಬಂದ ಹೆಸರು ಅಕ್ಷರವನ್ನಾದರೂ ಧ್ವನಿಯನ್ನಾದರೂ ಉಳಿಸಿಕೊಳ್ಳಬಲ್ಲದು. ಎರಡನ್ನೂ ಉಳಿಸಿಕೊಳ್ಳುವುದು ಕಷ್ಟ.

ಜಪಾನಿನ ಕುಲನಾಮಗಳಲ್ಲಿ ಬಹುಸಂಖ್ಯೆಯವು ಸ್ಥಳವನ್ನೇ ವರ್ಣಿಸುವಂತಹವು. ಆ ದೇಶದ ಸಾಮಾನ್ಯ ಪ್ರಜೆಗಳೆಲ್ಲರೂ ಕುಲನಾಮವನ್ನು ಧರಿಸತಕ್ಕದ್ದೆಂದು ಸರ್ಕಾರವು ವಿಧಿಸಿದ್ದು ೧೮೭೫ರಲ್ಲಿ. ನ್ಯೂಯಾರ್ಕ್ ತಂಡದಲ್ಲಿ ಎಸೆತಗಾರನಾಗಿದ್ದ ತನಾಕನ ಹೆಸರಿನ ಎರಡು ಲಿಪಿಚಿಹ್ನೆಗಳಿಗೆ ಗದ್ದೆ, ನಡು ಎಂದು ಅರ್ಥ, ಗದ್ದೆಯ ನಡುವಿನವನು. ೨೦೨೪ರಲ್ಲಿ ಒಂದೇ ಆಟದ ವರ್ಷದಲ್ಲಿ ೫೪ ಹೋಮ್ ರನ್‌ಗಳನ್ನೂ, ೫೯ ಬಾರಿ ಎದುರಾಳಿಗಳ ಕಣ್ತಪ್ಪಿಸಿ ಮುಂದಿನ ನೆಲೆಗೆ ಓಡಿದ ಸಾಧನೆಯನ್ನೂ ಗಳಿಸಿದ ಓತಾನಿಯ ಹೆಸರಿಗೆ ದೊಡ್ಡ ಕಣಿವೆಯೆಂದು ಅರ್ಥ.

ಊರೂ ಇಲ್ಲದ, ವೃತ್ತಿಯೂ ಅಲ್ಲದ ಅಲಂಕಾರದ ಹೆಸರುಗಳೂ ಉಂಟು. ೧೭೮೭ರಲ್ಲಿ ಆಸ್ಟ್ರಿಯ ಸಾಮ್ರಾಜ್ಯದ ಯೆಹೂದ್ಯರು ಸ್ಥಿರವಾದ ಕುಲನಾಮಗಳನ್ನು ಹೊಂದಬೇಕೆಂದು ಆಜ್ಞೆಯಾಯಿತು. ಇತರ ರಾಜ್ಯಗಳಲ್ಲಿಯೂ ಮುಂದೆ ಇಂತಹ ಆಜ್ಞೆಗಳು ಹೊರಟುವು. ಆಗ ಬೆಟ್ಟ, ಹೂವು, ಚಿನ್ನ, ಬೆಳ್ಳಿ ಮೊದಲಾದ ಮಾತುಗಳನ್ನು ಕೂಡಿಸಿ ಅನೇಕ ಹೆಸರುಗಳನ್ನು ರಚಿಸಲಾಯಿತು. ಹಸುರು ಬೆಟ್ಟವೆಂಬ ಅರ್ಥದ ‘ಗ್ರೀನ್‌ಬರ್ಗ್’ ಈ ಮಾದರಿಯದು. ರುಮೇನಿಯದಿಂದ ಬಂದ ಯೆಹೂದ್ಯ ದಂಪತಿಗಳ ಮಗನಾದ ಹ್ಯಾಂಕ್ ಗ್ರೀನ್‌ಬರ್ಗ್ ೧೯೩೪ರಲ್ಲಿ, ತನ್ನ ತಂಡವು ಪ್ರಶಸ್ತಿಗಾಗಿ ಸೆಣಸುತ್ತಿದ್ದ ಕಾಲದಲ್ಲಿಯೂ, ತನ್ನ ಮತದ ಪವಿತ್ರ ಉಪವಾಸದ ದಿನ ಆಡದೆ ಉಳಿದನು.

ಜನರು ಇಟ್ಟ ಹೆಸರುಗಳು

ನಾಲ್ಕನೆಯ ವರ್ಗವೇ ಅತ್ಯಂತ ಸ್ವಾರಸ್ಯವಾದುದು. ಮ್ಯೂಸಿಯಲ್ ಎಂಬುದು ಒಂದು ಕ್ರಿಯಾಪದ; ‘ಅವನಿಗೆ ಮಾಡದೆ ವಿಧಿಯಿರಲಿಲ್ಲ’ ಎಂಬ ಭೂತಕಾಲದ ರೂಪ. ಯಾವ ಪೂರ್ವಿಕನು ಯಾವ ಕೆಲಸವನ್ನು ಮಾಡದೆ ವಿಧಿಯಿಲ್ಲದೆ ಹೋಯಿತೋ, ಹೆಸರು ಅದನ್ನು ಮುಚ್ಚಿಟ್ಟಿದೆ. ೫೧೧ ಪಂದ್ಯಗಳನ್ನು ಗೆದ್ದುಕೊಟ್ಟ ಎಸೆತಗಾರ ಸೈ ಯಂಗ್‌ನ ಕುಲನಾಮಕ್ಕೆ ಕಿರಿಯನೆಂದು ಅರ್ಥ. ಒಂದೇ ಹೆಸರಿನ ಹಿರಿಯನಿಂದ ಕಿರಿಯನನ್ನು ಬೇರ್ಪಡಿಸಲು ಇಂತಹ ಹೆಸರುಗಳು ಹುಟ್ಟಿದುವು.

ಇಂತಹ ಹೆಸರು ಹುಟ್ಟುವ ಕ್ರಮವನ್ನು ನಾವು ಇಂದಿಗೂ ಕಣ್ಣಾರೆ ಕಾಣಬಹುದು. ಆಟಗಾರನಾಗಿ ತಂಡದೊಡನೆ ೧೦ ಬಾರಿ ವಿಶ್ವಸರಣಿಯನ್ನು ಗೆದ್ದ ಲಾರೆನ್ಸ್ ಬೆರ್ರನು (೧೯೨೫-೨೦೧೫) ಲೋಕಕ್ಕೆಲ್ಲ ‘ಯೋಗಿ’ ಬೆರ್ರ ಎಂದೇ ಪರಿಚಿತ. ಅವನ ಬಾಲ್ಯದ ಗೆಳೆಯರು ಭಾರತವನ್ನು ಕುರಿತ ಚಲನಚಿತ್ರವೊಂದರಲ್ಲಿ ಯೋಗಿಯೊಬ್ಬನನ್ನು ನೋಡಿದ್ದರಂತೆ; ತನ್ನ ಸರದಿಗಾಗಿ ಕಾಲುಗಳನ್ನು ಮಡಿಸಿಕೊಂಡು ಕುಳಿತಿರುತ್ತಿದ್ದ ಬೆರ್ರನಲ್ಲಿ ಅವರಿಗೆ ಆ ಯೋಗಿಯ ಹೋಲಿಕೆ ಕಂಡಿತಂತೆ. ನಮ್ಮ ಮಾತೊಂದು ಹೀಗೆ ಇಟಲಿಯ ಮೂಲದ ಅಮೆರಿಕನ್ನನ ಹೆಸರಾಯಿತು. ಇದು ಹದಿಮೂರನೆಯ ಶತಮಾನದಲ್ಲಿ ನಡೆದಿದ್ದರೆ ಅವನ ಮಕ್ಕಳು, ಮೊಮ್ಮಕ್ಕಳೆಲ್ಲರೂ ಯೋಗಿಗಳೇ ಆಗಿ, ಆರುನೂರು ವರ್ಷಗಳ ತರುವಾಯ ಯಾರಾದರೂ ವಿದ್ವಾಂಸರು ಆ ಮನೆತನಕ್ಕೆ ಭಾರತದ ಮೂಲವನ್ನು ಕಲ್ಪಿಸುವ ಸಂಭವವಿತ್ತು.

ಹೆಸರು ತಪ್ಪುದಾರಿಗೆಳೆಯುವ ಬಗೆಗಳು

ಇಲ್ಲಿಂದ ಮುಂದೆ ಎಚ್ಚರಿಕೆ ಬೇಕು. ಕ್ಯಾಲಿಫೋರ್ನಿಯದ ‘ಏಂಜೆಲ್ಸ್’ ತಂಡದಲ್ಲಿ ಟಿಮ್ ಸಾಮನ್, ಮೈಕ್ ಟ್ರೌಟ್ ಎಂಬ ಇಬ್ಬರು ಒಬ್ಬನ ತರುವಾಯ ಒಬ್ಬನು ಹೆಸರುವಾಸಿಯಾದರು. ಇಂಗ್ಲಿಷಿನಲ್ಲಿ ಎರಡೂ ಮೀನಿನ ಹೆಸರುಗಳು. ಟ್ರೌಟ್ ಎಂಬ ಕುಲನಾಮವು ಮೀನಿನಿಂದಲೇ ಬಂದುದು. ಆದರೆ ಸಾಮನ್ ಎಂಬ ಕುಲನಾಮವು ಮೂಲದಲ್ಲಿ ಸಾಲೊಮನ್ ಎಂಬ ವ್ಯಕ್ತಿನಾಮವು ಸವೆದು ಆದ ರೂಪ. ಮೀನಿಗೂ ಅದಕ್ಕೂ ನೆಂಟತನವಿಲ್ಲ. ಸುಜುಕಿ ಎಂಬ ಜಪಾನೀ ಹೆಸರನ್ನು ಗಂಟೆ, ಮರ ಎಂಬ ಅರ್ಥದ ಎರಡು ಚಿಹ್ನೆಗಳಿಂದ ಬರೆಯುವರು. ಆದರೆ ಕೊಯ್ದ ಬತ್ತದ ತೆನೆಗಳ ಮೆದೆಗೆ ಆಡುನುಡಿಯಲ್ಲಿದ್ದ ಹೆಸರೇ ಇದರ ಮೂಲವೆಂದೂ, ಚಿಹ್ನೆಗಳು ಧ್ವನಿಗಾಗಿ ಆರಿಸಿಕೊಂಡವೆಂದೂ ಸಾಮಾನ್ಯವಾಗಿ ಹೇಳುವರು. ಆದುದರಿಂದ ಇಂದಿನ ರೂಪವನ್ನು ನೋಡಿ ಮೂಲವನ್ನು ಊಹಿಸುವುದು ಅಪಾಯಕರ.

ನ್ಯೂಯಾರ್ಕಿನ ಎಲಿಸ್ ದ್ವೀಪದಲ್ಲಿ ೧೮೯೨ರಿಂದ ವಲಸೆಗಾರರನ್ನು ಪರೀಕ್ಷಿಸುತ್ತಿದ್ದ ಅಧಿಕಾರಿಗಳು ಉಚ್ಚರಿಸಲಾರದ ಹೆಸರುಗಳನ್ನು ಮನಬಂದಂತೆ ಬದಲಾಯಿಸುತ್ತಿದ್ದರೆಂಬ ಕಥೆಯೂ ಬಹಳ ಪ್ರಚಾರದಲ್ಲಿದೆ. ಇದು ನಿಜವಲ್ಲ. ಹಡಗು ಹೊರಡುವ ರೇವಿನಲ್ಲಿಯೇ ಸಿದ್ಧವಾದ ಪ್ರಯಾಣಿಕರ ಪಟ್ಟಿಯನ್ನು ಹಿಡಿದು ಅವರು ಪರೀಕ್ಷಿಸುತ್ತಿದ್ದರು. ಹೆಸರುಗಳು ಬದಲಾದುದು ಬಹುಮಟ್ಟಿಗೆ ತರುವಾಯ. ಶಾಲೆಯಲ್ಲಿ, ಕೆಲಸದ ಸ್ಥಳದಲ್ಲಿ, ವಲಸೆಗಾರರ ಸ್ವಂತ ಇಚ್ಛೆಯಿಂದ.

ಹೆಸರು ರಕ್ತಸಂಬಂಧವನ್ನೂ ನಿಶ್ಚಯವಾಗಿ ಹೇಳದು. ಲೋಕಪ್ರಸಿದ್ಧ ಎಸೆತಗಾರ ಸ್ಯಾಂಡೀ ಕೋಫ್ಯಾಕ್ಸ್ ೧೯೩೫ರಲ್ಲಿ ಹುಟ್ಟಿದಾಗ ಅವನ ಕುಲನಾಮ ಬ್ರೌನ್. ಕಂದುಬಣ್ಣವೆಂಬ ಅರ್ಥದ ಜರ್ಮನ್ ಹೆಸರು. ತಾಯಿಯು ಮರುವಿವಾಹವಾದ ಮೇಲೆ ಮಲತಂದೆಯ ಹೆಸರು ಅವನದಾಯಿತು. ಸ್ಪ್ಯಾನಿಷ್ ಪದ್ಧತಿಯಲ್ಲಿ ಒಬ್ಬನಿಗೆ ತಂದೆಯ ಕುಲನಾಮವೂ ಅದರ ಹಿಂದೆ ತಾಯಿಯದೂ ಇರುವುವು. ಪೋರ್ಟೊ ರಿಕೋ ದ್ವೀಪದ ಮಹಾ ಆಟಗಾರ ರೊಬೆರ್ಟೊ ಕ್ಲೆಮೆಂಟೆಯ ಪೂರ್ಣ ಹೆಸರು ರೊಬೆರ್ಟೊ ಕ್ಲೆಮೆಂಟೆ ವಾಕರ್. ಬೇಸ್‌ಬಾಲ್ ಕೀರ್ತಿಮಂದಿರದ ಫಲಕದ ಮೇಲೆ ಇದನ್ನು ಇಂಗ್ಲಿಷ್ ಕ್ರಮದಲ್ಲಿ ‘ರೊಬೆರ್ಟೊ ವಾಕರ್ ಕ್ಲೆಮೆಂಟೆ’ ಎಂದು ಕೆತ್ತಿದ್ದರು. ೨೦೦೦ದಲ್ಲಿ ಆ ತಪ್ಪನ್ನು ತಿದ್ದಲಾಯಿತು. ವಾಕರ್ ಎಂದರೆ ನಡೆಯುವವನೆಂದು ಭ್ರಮಿಸಬಾರದು. ನೇಯ್ದ ಉಣ್ಣೆಬಟ್ಟೆಯನ್ನು ನೀರಿನಲ್ಲಿ ತುಳಿದು ಹದಮಾಡುತ್ತಿದ್ದವನು. ಕ್ಲೆಮೆಂಟೆ ಎಂದರೆ ದಯಾಳು. ನಿಕರಾಗುವ ದೇಶದ ಭೂಕಂಪದಲ್ಲಿ ನೊಂದವರಿಗೆ ಸಾಮಗ್ರಿಗಳನ್ನು ಒಯ್ಯುತ್ತಿದ್ದಾಗ, ೧೯೭೨ರ ಡಿಸೆಂಬರ್ ೩೧ರಂದು ವಿಮಾನವು ಸಮುದ್ರಕ್ಕೆ ಬಿದ್ದು ಅವನು ಮಡಿದನು. ಇಲ್ಲಿ ಹೆಸರು ಮನುಷ್ಯನಿಗೆ ಒಪ್ಪಿತು. ಆದರೆ ಅದು ಹೆಸರಿನ ಗುಣವಲ್ಲ, ಮನುಷ್ಯನ ಗುಣ.

ಜೋ ಡಿಮ್ಯಾಜಿಯೊ ೧೯೪೧ರಲ್ಲಿ ಸತತವಾಗಿ ೫೬ ಪಂದ್ಯಗಳಲ್ಲಿ ಯಶಸ್ವಿಯಾಗಿ ಹೊಡೆದು ದೇಶದ ಆರಾಧ್ಯನಾದನು. ಇಟಾಲಿಯನ್ ಭಾಷೆಯಲ್ಲಿ ಅವನ ಹೆಸರಿಗೆ ‘ಮೇ ತಿಂಗಳಿನ’ ಎಂದು ಅರ್ಥ. ಅವನು ಹುಟ್ಟಿದ್ದು ನವೆಂಬರಿನಲ್ಲಿ. ಇದು ನಗುವ ಮಾತು. ನಗಲಾರದ ಮಾತೂ ಒಂದಿದೆ. ೧೯೪೨ರಲ್ಲಿ, ಯುದ್ಧದ ಕಾರಣ, ಅಮೆರಿಕದ ಪೌರತ್ವವನ್ನು ಪಡೆಯದಿದ್ದ ಇಟಲಿಯವರನ್ನು ಶತ್ರುದೇಶದವರೆಂದು ಪರಿಗಣಿಸಲಾಯಿತು. ಸಿಸಿಲಿಯಿಂದ ಬಂದು ಬೆಸ್ತನಾಗಿ ಬಾಳಿದ್ದ ಅವನ ತಂದೆಯೂ ಅವರಲ್ಲಿ ಒಬ್ಬನಾದನು. ಸ್ಯಾನ್ ಫ್ರಾನ್ಸಿಸ್ಕೋ ಕೊಲ್ಲಿಯಲ್ಲಿ ಬಲೆ ಬೀಸುವುದು ಅವನಿಗೆ ನಿಷಿದ್ಧವಾಯಿತು. ಒಂದೇ ಹೆಸರನ್ನು ದೇಶವು ಒಂದು ಕಡೆ ಕೊಂಡಾಡುತ್ತ ಇನ್ನೊಂದು ಕಡೆ ಸಂದೇಹದಿಂದ ನೋಡಿತು.

ಒಂದು ಲೆಕ್ಕ

ಹೆಸರಿನ ಸಾಕ್ಷ್ಯವು ಎಷ್ಟು ಕಿರಿದೆಂಬುದನ್ನು ಒಂದು ಸರಳ ಲೆಕ್ಕದಿಂದ ತೋರಿಸಬಹುದು. ಪ್ರತಿಯೊಬ್ಬನಿಗೂ ತಂದೆತಾಯಿಗಳು ೨, ಅಜ್ಜಅಜ್ಜಿಯರು ೪, ಅವರ ತಂದೆತಾಯಿಗಳು ೮. ಹೀಗೆ ಇಮ್ಮಡಿಸುತ್ತ ಹೋದರೆ ಹತ್ತನೆಯ ತಲೆಮಾರಿನಲ್ಲಿ ೧,೦೨೪ ಸ್ಥಾನಗಳಾಗುವುವು. ಬಂಧುಗಳಲ್ಲಿ ವಿವಾಹಗಳಾಗಿದ್ದರೆ ಒಬ್ಬನೇ ಎರಡು ಸ್ಥಾನಗಳಲ್ಲಿ ಬರಬಹುದು, ಅದಿರಲಿ. ತಂದೆಯಿಂದ ಮಗನಿಗೆ ಬರುವ ಕುಲನಾಮವು ಈ ೧,೦೨೪ರಲ್ಲಿ ಒಬ್ಬನನ್ನು ಮಾತ್ರ ಸೂಚಿಸುತ್ತದೆ. ಉಳಿದ ೧,೦೨೩ ಮಂದಿಯ ವಿಷಯದಲ್ಲಿ ಅದು ಮೌನವಾಗಿರುವುದು.

ಧ್ರುವನಕ್ಷತ್ರದಿಂದ ಈ ರಾತ್ರಿ ನಮ್ಮ ಕಣ್ಣನ್ನು ಸೇರುವ ಬೆಳಕು ಅಲ್ಲಿಂದ ಹೊರಟು ನಾನೂರಕ್ಕೂ ಮಿಕ್ಕಿದ ವರ್ಷಗಳಾಗಿವೆ. ಆ ಬೆಳಕು ಸುಳ್ಳು ಹೇಳುವುದಿಲ್ಲ. ಆದರೆ ಅದು ಹೇಳುವುದು ಹೊರಟ ಕಾಲದ ನಕ್ಷತ್ರದ ವಾರ್ತೆಯನ್ನೇ ಹೊರತು ಇಂದಿನದನ್ನಲ್ಲ. ಕುಲನಾಮವೂ ಹಾಗೆಯೇ. ಮೊದಲು ಅದನ್ನು ಹೊತ್ತವನ ವಿಷಯದಲ್ಲಿ ಅದು ಒಳ್ಳೆಯ ಸಾಕ್ಷಿ. ಇಂದು ಹೊತ್ತವನ ವಿಷಯದಲ್ಲಿ ದುರ್ಬಲ ಸಾಕ್ಷಿ.

ಮೂವರು ರಾಬಿನ್‌ಸನ್ನರು

ಈ ಮಾತಿಗೆ ಬೇಸ್‌ಬಾಲ್ ಚರಿತ್ರೆಯಲ್ಲಿ ಮೂವರು ರಾಬಿನ್‌ಸನ್ನರಿಗಿಂತ ಉತ್ತಮವಾದ ಪ್ರಮಾಣವಿಲ್ಲ. ರಾಬಿನ್ ಎಂಬುದು ರಾಬರ್ಟ್ ಎಂಬುದರ ಮುದ್ದಿನ ರೂಪ. ಕೀರ್ತಿಯಿಂದ ಬೆಳಗುವವನೆಂದು ಅದರ ಪ್ರಾಚೀನ ಜರ್ಮಾನಿಕ್ ಅರ್ಥ. ಕ್ಲೆಮೆಂಟೆಯ ರೊಬೆರ್ಟೊ ಎಂಬ ಹೆಸರೂ ಇದೇ.

ಜಾಕೀ ರಾಬಿನ್‌ಸನ್ ೧೯೧೯ರಲ್ಲಿ ಜಾರ್ಜಿಯ ಪ್ರಾಂತದಲ್ಲಿ ನೀಗ್ರೋ ಜನಾಂಗದ ಬಡ ಗೇಣಿದಾರರ ಮನೆಯಲ್ಲಿ ಹುಟ್ಟಿದನು. ಗುಲಾಮರಾಗಿ ಬಾಳಿದವರ ಮೊಮ್ಮಗ. ೧೮೬೫ರಲ್ಲಿ ಗುಲಾಮಗಿರಿಯು ಶಾಸನದಿಂದ ರದ್ದಾಗುವವರೆಗೆ ಆ ಜನರ ಕುಲನಾಮಗಳಿಗೆ ಕಾನೂನಿನ ಮನ್ನಣೆಯಿರಲಿಲ್ಲ. ಬಿಡುಗಡೆಯಾದ ಮೇಲೆ ಕೆಲವರು ಹಿಂದಿನ ಒಡೆಯರ ಹೆಸರನ್ನು ಇಟ್ಟುಕೊಂಡರು. ಕೆಲವರು ತಮ್ಮತಮ್ಮಲ್ಲೇ ಬಳಸುತ್ತಿದ್ದ ಹೆಸರನ್ನು ಪ್ರಕಟಪಡಿಸಿದರು. ಕೆಲವರು ಹೊಸದನ್ನು ಆರಿಸಿಕೊಂಡರು. ಹೀಗೆ ಇಂಗ್ಲೆಂಡಿನ ಹಳ್ಳಿಯ ಹೆಸರು ಆಫ್ರಿಕದ ಸಂತತಿಯವರದಾಯಿತು. ಹೆಸರು ಒಂದಾದರೂ ಆಟದ ಬಾಗಿಲು ಒಂದಾಗಲಿಲ್ಲ. ಲಿಖಿತ ನಿಯಮವೇನೂ ಇಲ್ಲದೆಯೇ, ಹತ್ತೊಂಬತ್ತನೆಯ ಶತಮಾನದ ಕೊನೆಯಿಂದ ಪ್ರಮುಖ ತಂಡಗಳು ಕರಿಯರನ್ನು ಹೊರಗಿಟ್ಟಿದ್ದುವು. ೧೯೪೭ರ ಏಪ್ರಿಲ್ ೧೫ರಂದು ಬ್ರೂಕ್ಲಿನ್ ಡಾಡ್ಜರ್ಸ್ ತಂಡದಲ್ಲಿ ಜಾಕೀ ರಾಬಿನ್‌ಸನ್ ಕಣಕ್ಕಿಳಿದಾಗ ಆ ಗೋಡೆ ಬಿರುಕುಬಿಟ್ಟಿತು. ಜಾಶ್ ಗಿಬ್ಸನ್ ಎಂಬ ಅಸಾಧಾರಣ ಹೊಡೆತಗಾರನು ಅದಕ್ಕೆ ಮೂರು ತಿಂಗಳ ಹಿಂದೆ, ಪ್ರಮುಖ ತಂಡಗಳಲ್ಲಿ ಆಡುವ ಅವಕಾಶ ದೊರೆಯದೆಯೇ, ಕಣ್ಣುಮುಚ್ಚಿದ್ದನು. ಕರಿಯರ ತಂಡಗಳ ಅಂಕಿಗಳನ್ನು ಪ್ರಮುಖ ತಂಡಗಳ ದಾಖಲೆಗೆ ಸೇರಿಸಿಕೊಂಡುದು ೨೦೨೪ರಲ್ಲಿ. ಆಗ ಹೊಡೆತದ ಸರಾಸರಿಯ ಪಟ್ಟಿಯಲ್ಲಿ ಗಿಬ್ಸನ್ನನ ಹೆಸರು ಮೊದಲ ಸ್ಥಾನಕ್ಕೆ ಬಂದಿತು.

ಉಳಿದ ಇಬ್ಬರು ಬಾಲ್ಟಿಮೋರ್ ತಂಡದವರು. ಬ್ರೂಕ್ಸ್ ರಾಬಿನ್‌ಸನ್ ಆರ್ಕನ್ಸಾ ಪ್ರಾಂತದ ಬಿಳಿಯ. ಫ್ರಾಂಕ್ ರಾಬಿನ್‌ಸನ್ ಟೆಕ್ಸಸ್ ಪ್ರಾಂತದ ಕರಿಯ. ೧೯೬೬ರ ವಿಶ್ವಸರಣಿಯ ಮೊದಲ ಪಂದ್ಯದ ಮೊದಲ ಸರದಿಯಲ್ಲಿಯೇ ಫ್ರಾಂಕ್ ಒಂದು ಹೋಮ್ ರನ್ ಹೊಡೆದನು. ಅವನ ಹಿಂದೆಯೇ ಬಂದ ಬ್ರೂಕ್ಸ್ ಇನ್ನೊಂದನ್ನು ಹೊಡೆದನು. ಎದುರಾಳಿಯಾಗಿದ್ದುದು ಜಾಕೀ ರಾಬಿನ್‌ಸನ್ ಹಿಂದೆ ಆಡಿದ್ದ ಡಾಡ್ಜರ್ಸ್ ತಂಡ. ಅದು ಆ ವೇಳೆಗೆ ಲಾಸ್ ಏಂಜಲಿಸ್ ನಗರಕ್ಕೆ ಸ್ಥಳಾಂತರಗೊಂಡಿತ್ತು. ಅಂಕಪಟ್ಟಿಯಲ್ಲಿ ಒಂದರ ಕೆಳಗೊಂದು ಬಂದ ಆ ಎರಡು ಹೆಸರುಗಳಲ್ಲಿ ಅಕ್ಷರ ಒಂದೇ, ಅರ್ಥ ಒಂದೇ. ಅವುಗಳ ಹಿಂದಿನ ದಾರಿಗಳು ಮಾತ್ರ ಬೇರೆ. ಹೆಸರಿನ ಅರ್ಥವನ್ನು ನಿಘಂಟಿನಿಂದ ತಿಳಿಯಬಹುದು. ದಾರಿಯನ್ನು ತಿಳಿಯಲು ಚರಿತ್ರೆಯನ್ನೇ ಓದಬೇಕು.

೧೯೬೦ರಲ್ಲಿ ಚಿಕಾಗೋ ತಂಡದ ಅಂಗಿಗಳ ಮೇಲೆ ಹೆಸರುಗಳು ಬಂದ ಕಥೆಯಿಂದ ನಾವು ಪ್ರಾರಂಭಿಸಿದೆವು. ೨೦೦೯ರಿಂದ ವರ್ಷಕ್ಕೊಂದು ದಿನ, ಏಪ್ರಿಲ್ ೧೫ರಂದು, ಪ್ರಮುಖ ತಂಡಗಳ ಆಟಗಾರರೆಲ್ಲರೂ ಜಾಕೀ ರಾಬಿನ್‌ಸನ್ ಧರಿಸಿದ್ದ ೪೨ ಎಂಬ ಸಂಖ್ಯೆಯನ್ನೇ ಬೆನ್ನಿನ ಮೇಲೆ ಧರಿಸಿ ಆಡುವ ಸಂಪ್ರದಾಯ ಬಂದಿದೆ. ಕಮ್ಮಾರನ ಹೆಸರಿನವನೂ, ಗದ್ದೆಯ ಹೆಸರಿನವನೂ, ಮಾರ್ಟಿನ್ನನ ಮಗನೆಂಬ ಹೆಸರಿನವನೂ ಆ ದಿನ ಒಂದೇ ಸಂಖ್ಯೆಯನ್ನು ಹೊತ್ತು ಕಣಕ್ಕಿಳಿಯುವರು.